ಯಾರಿಗೆ ಕಾಣಬೇಕು

ಆಫೀಸಿನ ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ ನಿನ್ನೆಯವರೆಗೆ ಇಲ್ಲದಿದ್ದ ಒಂದು ಪುಟ್ಟ ಹಲ್ಲಿನ ಚಕ್ರ ಇವತ್ತು ಬಂದು ಕೂತಿತ್ತು. ಶರಣಬಸಮ್ಮ ಅದನ್ನು ತಕ್ಷಣ ಒತ್ತಲಿಲ್ಲ. ಎದ್ದು ಹೋಗಿ ಗಡಿಗೆಯ ನೀರು ಕುಡಿದಳು, ಬಂದು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು, ಎಳೆದದ್ದು ಹೆಚ್ಚಾಯಿತೆಂದು ತುಸು ಹಿಂದಕ್ಕೆ ಸರಿಸಿದಳು. ಹೋಳಿಗೆ ತಟ್ಟೆಗೆ ಬಿದ್ದ ಕೂಡಲೇ ಬಾಯಿಗೆ ಹಾಕಿಕೊಳ್ಳದೆ ಸ್ವಲ್ಪ ಹೊತ್ತು ನೋಡುತ್ತ ಕೂರುವುದು ಅವಳ ಸಣ್ಣಂದಿನ ಚಟ, ಅವ್ವ ಅದಕ್ಕೇ ಬೈಯುತ್ತಿದ್ದಳು. ಕೊನೆಗೆ ಒತ್ತಿದಳು. ಮೂರು ಬೋರ್ಡುಗಳಷ್ಟೇ ಕಾಣುತ್ತಿದ್ದ ಜಾಗದಲ್ಲಿ ಬೋರ್ಡಿನ ಕೆಳಗೆ ಬೋರ್ಡು, ಅದರ ಕೆಳಗೆ ಮತ್ತೊಂದು, ಸರಸರನೆ ಇಳಿದು ಬಂದವು. ಅಯ್ಯಪ್ಪ ಸರ್ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳಲ್ಲಿ ಟೊಮೆಟೊ ಬೀಜ ಮಾಡಿಸುವ ಒಂದೊಂದು ಹೊಲಕ್ಕೂ ಒಂದೊಂದು ಬೋರ್ಡು, ಬೋರ್ಡಿನಲ್ಲಿ ಅಲ್ಲಿ ಕೆಲಸ ಮಾಡುವ ಒಬ್ಬೊಬ್ಬ ಹೆಂಗಸಿಗೂ ಒಂದೊಂದು ಕಾರ್ಡು. ಎಲ್ಲದರ ಕೆಳಗೂ ಆ ಆ್ಯಪ್ ಒಂದೇ ಪ್ರಶ್ನೆ ಕೇಳುತ್ತಿತ್ತು: ಇದು ಯಾರಿಗೆ ಕಾಣಬೇಕು? ನನಗೆ ಮಾತ್ರ. ತಂಡಕ್ಕೆ. ಕರೆದವರಿಗೆ. ಎಲ್ಲರಿಗೂ. ಅಬ್ಬಾ, ಎಂದುಕೊಂಡಳು ಶರಣಬಸಮ್ಮ. ಇಷ್ಟು ದಿನ ತನಗೆ ಕಾಣುತ್ತಿದ್ದುದೇ ಎಲ್ಲವೂ ಎಂದು ತಿಳಿದಿದ್ದಳು. ಯಾರೋ ಎಲ್ಲೋ ಕೂತು ಇವಳಿಗೆ ಇಷ್ಟು ಸಾಕು ಎಂದು ತೀರ್ಮಾನ ಮಾಡಿದ್ದರೆಂಬುದು ಈಗ, ತೀರ್ಮಾನ ತನ್ನ ಕೈಗೆ ಬಂದ ಮೇಲೆ ತಿಳಿಯಿತು. ಹೊಟ್ಟೆಯೊಳಗೆ ಏನೋ ಕುಣಿಯಿತು. ಬೆಳಿಗ್ಗೆ ಉಪ್ಪಿಟ್ಟು ಸೇರಿರಲಿಲ್ಲ, ಅದೂ ಇರಬಹುದು.

ಅಯ್ಯಪ್ಪ ಸರ್ ಕೊಪ್ಪಳಕ್ಕೆ ಹೋಗುವ ದಾರಿಯಿಂದಲೇ ಫೋನು ಮಾಡಿದ್ದರು. "ಇವತ್ತಿಂದ ಅಡ್ಮಿನ್ ನೀನವಾ. ಗಾಳೇಶಗ ಕೊಟ್ಟಿದ್ನಿ, ಅಂವ ಪಾಸ್‌ವರ್ಡ್ ತಗೊಂಡ ಹೋಗಿ ಚಾದ ಅಂಗಡ್ಯಾಗ ಒದರಿ ಬಂದಾನ. ಮಂಗ್ಯಾನ ಕೈಯಾಗ ಮಾಣಿಕ್ಯ ಕೊಟ್ಟಂಗಾತು. ಗಂಡು ಗಿಡದ ಬೋರ್ಡ್ ಐತಲ್ಲ, ಅದು ನನಗ, ನಿನಗ, ಇಬ್ಬರಿಗೇ ಕಾಣಬೇಕು. ನನ್ನ ಹೇಣ್ತಿ ಕೇಳಿದ್ರೂ ತೋರಸಬ್ಯಾಡ." "ಅಕ್ಕಾರು ಯಾಕ ಕೇಳ್ತಾರ್ರಿ ಸರ್?" "ಕೇಳಂಗಿಲ್ಲ. ಮಾತಿಗೆ ಹೇಳಿದ್ನಿ." ಹೂವಿನ ಪುಡಿ ಕೊಡುವ ಈ ಗಂಡು ಗಿಡ ಯಾವ ತಳಿಯದು, ಯಾವ ಊರಿನ ಯಾವ ಮೂಲೆಯಲ್ಲಿ ಬೆಳೆಯುತ್ತಿದೆ ಎಂಬುದೇ ಈ ದಂಧೆಯ ಗುಟ್ಟು. ಅದು ಹೊರಗೆ ಹೋದರೆ ಯಾರು ಬೇಕಾದರೂ ಅದೇ ಬೀಜ ಮಾಡಿಕೊಳ್ಳಬಹುದು. ಶರಣಬಸಮ್ಮ ಮೊದಲು ಅದಕ್ಕೇ ಕೈಹಾಕಿದಳು. ಗಾಳೇಶನ ಹೆಸರಿನ ಮುಂದಿದ್ದ ಗೀಟನ್ನು ಒತ್ತಿದಳು. ತೆಗೆಯಬೇಕೇ ಎಂದು ಕೇಳಿತು. ತೆಗೆ ಎಂದಳು. ಗಾಳೇಶ ಹೋದ. ಇಷ್ಟು ಸುಲಭವೇ ಎಂದು ಮತ್ತೆ ಸೇರಿಸಿದಳು. ಬಂದ. ಮತ್ತೆ ತೆಗೆದಳು. ಹೋದ ವರ್ಷ ಕಂಪನಿಯ ದೊಡ್ಡವರು ಬಂದಿದ್ದಾಗ, ಶರಣಬಸಮ್ಮ ಕೂತು ಬರೆದ ಲೆಕ್ಕವನ್ನು ಅವರ ಮುಂದೆ ಹಿಡಿದು, "ಇಕಿ ನಮ್ಮ ಆಫೀಸಿನ ಹುಡುಗಿರಿ, ಛಾ ತರ್ತಾಳ" ಎಂದಿದ್ದ ಈ ಗಾಳೇಶ. ತಂದಳು ಕೂಡ. ತಂದದ್ದಲ್ಲ, ತರುವಾಗ ಮುಖದಲ್ಲಿ ನಗು ಇಟ್ಟುಕೊಂಡಿದ್ದಳಲ್ಲ, ಅದು ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇನ್ನೊಮ್ಮೆ ಸೇರಿಸಿ ತೆಗೆಯೋಣವೇ ಎನಿಸಿತು, ನಾಚಿಕೆಯಾಗಿ ಬಿಟ್ಟಳು.

ಮಧ್ಯಾಹ್ನದ ಬಿಸಿಲು ಇನ್ನೂ ಏರಿರಲಿಲ್ಲ, ಕಿಟಕಿಯಿಂದ ಬಸ್ ನಿಲ್ದಾಣದ ಗದ್ದಲ ಬರುತ್ತಿತ್ತು, ಅವಳು ಮಾತ್ರ ನೆನಪಿನಲ್ಲಿ, ಗಿಡಗಳಿಗೆ ಬಲೆ ಹೊದಿಸಿದ ಒಂದು ನೆಟ್‌ಹೌಸಿನ ಬಾಗಿಲಲ್ಲಿ ನಿಂತಿದ್ದಳು. ಸಾಲಿಯಿಂದ ನೇರ ಬಂದ ಹುಡುಗಿ, ಬೆನ್ನಿಗೆ ಚೀಲ. ಒಳಗೆ ಬಿಳಿ ಪರದೆಯ ಕೆಳಗೆ ಅವ್ವ ಯಂಕವ್ವ ಬಗ್ಗಿ ಬಗ್ಗಿ ಸಾಲು ಮುಗಿಸುತ್ತಿದ್ದಳು. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡೆಳೆಗಳನ್ನು ಚಿಮಟದಲ್ಲಿ ಕಿತ್ತುಹಾಕುವುದು, ಬೆಳಿಗ್ಗೆ ಬೆರಳಿನ ಉಂಗುರದ ಬಟ್ಟಲಲ್ಲಿ ಬೇರೆ ಗಿಡದ ಹಳದಿ ಪುಡಿ ತುಂಬಿಕೊಂಡು ಒಂದೊಂದು ಹೂವಿಗೂ ಮುಟ್ಟಿಸುವುದು. ಕ್ರಾಸಿಂಗ್ ಎನ್ನುತ್ತಿದ್ದರು ಎಲ್ಲರೂ, ಅವ್ವನೂ. ಕೆಲಸ ಬಿಟ್ಟು ಹೊರಗೆ ಬರುವಾಗ ಬಾಗಿಲಲ್ಲಿ ಒಬ್ಬ ನಿಂತಿರುತ್ತಿದ್ದ. ಹೆಂಗಸರು ಅವನ ಮುಂದೆ ಸೀರೆಯ ಉಡಿ ಬಿಚ್ಚಿ ಝಾಡಿಸಿ ತೋರಿಸಬೇಕು, ಬೀಜವೋ ಪುಡಿಯೋ ಕಟ್ಟಿಕೊಂಡು ಹೋಗುತ್ತಿಲ್ಲವೆಂದು. ಮುತ್ತೈದೆಯರು ಅಕ್ಕಿ, ಕೊಬ್ಬರಿ ತುಂಬುವ ಉಡಿ. ಆ ದಿನ ಅವ್ವ ಝಾಡಿಸಿದಾಗ ಅರ್ಧ ಸಜ್ಜಿ ರೊಟ್ಟಿ ಮಣ್ಣಿಗೆ ಬಿತ್ತು. ಮಗಳು ಸಾಲಿಯಿಂದ ಹಸಿದು ಬರುತ್ತಾಳೆಂದು ಇಟ್ಟುಕೊಂಡದ್ದು. ನಿಂತವನು ನಕ್ಕ, ಹಿಂದಿದ್ದವರೂ ನಕ್ಕರು. ಅವ್ವ ರೊಟ್ಟಿ ಎತ್ತಿ, ಊದಿ, ಇವಳ ಕೈಗೆ ಕೊಟ್ಟು, "ತಿನ್ನು" ಎಂದಳು, ಅಷ್ಟೆ. ಹಲ್ಲಿಗೆ ಮರಳು ಕರಕರ ಎನ್ನುತ್ತಿತ್ತು. ಈಗ ಆ ಬಾಗಿಲು, ಆ ಹೊಲ, ಅಂಥ ಎಲ್ಲ ಹೊಲಗಳು ಈ ಹದಿನೈದು ಇಂಚಿನ ಪರದೆಯಲ್ಲಿವೆ, ಮತ್ತು ಯಾರಿಗೆ ಕಾಣಬೇಕೆಂದು ಕೇಳುತ್ತಿರುವುದು ಯಂಕವ್ವನ ಮಗಳನ್ನು. ಅವ್ವನಿಗೆ ಫೋನು ಮಾಡಿ ಹೇಳಬೇಕೆನಿಸಿತು. ಹೇಳಿದರೆ ಏನೆನ್ನುತ್ತಾಳೆಂಬುದೂ ಗೊತ್ತಿತ್ತು. ಉಂಡಿಯೇನು ಎಂದು ಕೇಳುತ್ತಾಳೆ.

ಹಾಗಾದರೆ ಏನಾದರೂ ಮಾಡಬೇಕು, ಇವತ್ತೇ ಮಾಡಬೇಕು, ಸರ್ ಕೊಪ್ಪಳದಿಂದ ಬರುವುದರೊಳಗೆ. ಹೆಂಗಸರು ದಿನವಿಡೀ ಹೂವು ಮುಟ್ಟುತ್ತಾರೆ, ಆದರೆ ತಾವು ಮುಟ್ಟಿದ ಹೂವು ಕಾಯಿ ಕಟ್ಟಿತೋ ಉದುರಿತೋ, ಬೀಜ ಪರೀಕ್ಷೆಯಲ್ಲಿ ಪಾಸಾಯಿತೋ ಫೇಲಾಯಿತೋ ಅವರಿಗೆ ಯಾರೂ ಹೇಳುವುದಿಲ್ಲ. ಎಲ್ಲ ಕಾರ್ಡಿನಲ್ಲಿದೆ. ಅವರದೇ ಕಾರ್ಡು ಅವರಿಗೇ ಕಾಣುವುದಿಲ್ಲವೆಂದರೆ ಯಾವ ನ್ಯಾಯ? ಶರಣಬಸಮ್ಮನ ಕೆನ್ನೆ ಕಾದಿತು. ಹೊನ್ನೂರಪ್ಪನ ಹೊಲದ ಬೋರ್ಡು ತೆರೆದಳು, ಹುಲಗಮ್ಮನ ಕಾರ್ಡಿನ ಮೇಲೆ ಬೆರಳಿಟ್ಟಳು. ಮೊದಲು ಹುಲಗಮ್ಮಕ್ಕನೇ ಆಗಬೇಕು. ಇವಳು ಮೊದಲ ಸಲ ಆಫೀಸಿನ ಟ್ಯಾಬ್ ಹಿಡಿದು ಆ ಹೊಲಕ್ಕೆ ಹೋದಾಗ, ಬೇರೆ ಹೆಂಗಸರು ಮೇಡಂ ಎಂದು ದೂರ ಸರಿದರೆ, "ಏ, ನಮ್ಮ ಯಂಕವ್ವನ ಮಗಳ ಅಲ್ಲೇನಬೇ, ಬಾ ಇಲ್ಲಿ" ಎಂದು ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟವಳು. ಕರೆದವರಿಗೆ ಎಂಬುದನ್ನು ಒತ್ತಿದಳು. ಹೆಸರು, ಫೋನ್ ನಂಬರು ತಾನೇ ತುಂಬಿಕೊಂಡಿತು. ಕೆಳಗೊಂದು ಚೌಕ, ಅದರಲ್ಲಿ ಆಗಲೇ ಸರಿ ಗುರುತು ಬಿದ್ದಿತ್ತು: ಟಿಪ್ಪಣಿಗಳೂ ಕಾಣಲಿ. ನೋಡಲಿಲ್ಲವೆಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ಬರುವಂತಿರಲಿಲ್ಲ, ಏಕೆಂದರೆ ನೋಡಿದ್ದಳು. ನೋಡಿ, ಕಾಣಲಿ ಎಂದುಕೊಂಡಿದ್ದಳು. ಎಲ್ಲ ಕಾಣಲಿ, ಮುಚ್ಚುಮರೆ ಯಾತಕ್ಕೆ, ಕೊಡುವುದನ್ನು ಕೈತುಂಬ ಕೊಡಬೇಕು. ಕಳಿಸು ಎಂಬುದನ್ನು ಒತ್ತಿ ಕೈ ತೊಡೆಗೆ ಒರೆಸಿಕೊಂಡಳು.

ಹಿಗ್ಗಿ ಹೀರೇಕಾಯಿ ಎನ್ನುತ್ತಾರಲ್ಲ, ಹಾಗೆ ಆಗಿದ್ದಳು ಒಂದು ಗಳಿಗೆ. ಹುಲಗಮ್ಮ ಸಾಲಿನ ನಡುವೆ ನಿಂತು ಫೋನಿನಲ್ಲಿ ತನ್ನ ಹೆಸರು ನೋಡುವುದು, ಪಕ್ಕದ ಲಾಲಬೀಯನ್ನು ಕರೆದು ತೋರಿಸುವುದು, ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಪರದೆಯ ಮೇಲೆ ಹುಲಗಮ್ಮ ಎಂಬ ಹೆಸರಿನ ಪಕ್ಕ ಇಷ್ಟು ಹೊತ್ತು ಖಾಲಿಯಿದ್ದ ದುಂಡನೆಯ ಚಿತ್ರದ ಜಾಗ ತುಂಬಿಕೊಂಡಿತು. ಅದರಲ್ಲಿ ಒಂದು ಮೀಸೆ ಇತ್ತು. ದಪ್ಪ ಮೀಸೆ, ಕಪ್ಪು ಕನ್ನಡಕ, ಹಿಂದೆ ಸ್ಟುಡಿಯೋದ ನೀಲಿ ಪರದೆ. ಕೆಳಗೆ ಹುಲಗಮ್ಮ. ಪಕ್ಕದಲ್ಲಿ ಹಸಿರು ಚುಕ್ಕೆ, ಈಗ ನೋಡುತ್ತಿದ್ದಾರೆ. ಮೊದಲಿಗೆ ಶರಣಬಸಮ್ಮನಿಗೆ ನಗು ಬಂತು. ನಗು ಅರ್ಧದಲ್ಲೇ ನಿಂತಿತು. ಅದು ಮುದಿಯಪ್ಪ, ಹುಲಗಮ್ಮನ ಗಂಡ. ನಂಬರು ಅವನದು. ಯಾವ ಹೆಂಗಸಿನ ನಂಬರು ತಾನೆ ಅವಳದು? ರೇಷನ್ನಿಗೆ, ಬ್ಯಾಂಕಿಗೆ, ಸಂಘಕ್ಕೆ, ಅಂಗನವಾಡಿಗೆ, ಎಲ್ಲ ಕಡೆಯೂ "ನಮ್ಮನಿಯವ್ರದು ಬರ್ಕೋರಿ" ಎಂದೇ ಬರೆಸುತ್ತಾರೆ, ಇವಳೇ ಬರೆದುಕೊಂಡಿದ್ದಳು, ಒಬ್ಬೊಬ್ಬರದೂ. ಇವಳ ಅವ್ವನ ಬ್ಯಾಂಕಿನ ಖಾತೆಯಲ್ಲಿ ಇವತ್ತಿಗೂ ಸೋದರಮಾವನ ನಂಬರು ಇದೆ. ಗೊತ್ತಿತ್ತು, ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಖುಷಿಯ ಭರದಲ್ಲಿ ಕೈ ಮುಂದೆ ಹೋಗಿತ್ತು. ಮತ್ತು ಆ ಕಾರ್ಡಿನ ಕೆಳಗೆ ಇವಳದೇ ಕೈಯಿಂದ ಟೈಪಾದ ಟಿಪ್ಪಣಿ.

ದಸರೆ ಮುಗಿದ ವಾರ ಹುಲಗಮ್ಮ ಇವಳನ್ನು ನೆಟ್‌ಹೌಸಿನ ಹಿಂದೆ ಕರೆದಿದ್ದಳು. "ತಂಗೀ, ನನ್ನ ಎರಡು ದಿನ ಬಗ್ಗೋ ಸಾಲಿಗೆ ಹಾಕಬ್ಯಾಡ ಅಂತ ಹೇಳು. ಗಂಗಾವತಿಗೆ ಹೋಗಿ ಕಾಪರ್ಟಿ ಹಾಕ್ಸಿಕೊಂಡು ಬಂದೀನಿ. ಮನ್ಯಾಗ ಮರಳಿ ಊರಾಗಿನ ಅಕ್ಕನ ಮನಿಗೆ ಅಂತ ಹೇಳಿದ್ನಿ. ಮೂರೂ ಹೆಣ್ಣಾದವು, ಅಂವಗ ಅವರವ್ವಗ ಇನ್ನೊಂದು ಬೇಕಂತ. ಕಡೀದಕ್ಕ ನಾ ಸತ್ತು ಬದುಕೀನಿ, ರಕ್ತ ಕೊಡಾಕ ಆಳು ಹುಡುಕಿದ್ರು. ಗೊತ್ತಾದ್ರ ತಗಸ್ತಾರ. ಯಾರ ಮುಂದೂ ಅನ್ನಬ್ಯಾಡ." "ದೇವರಾಣಿ ಅಕ್ಕಾ," ಎಂದಿದ್ದಳು ಶರಣಬಸಮ್ಮ. ಅಂದಿರಲಿಲ್ಲ, ಯಾರ ಮುಂದೂ ಅಂದಿರಲಿಲ್ಲ. ಬರೆದಿಟ್ಟಿದ್ದಳು. ಇವತ್ತಿನವರೆಗೆ ಬರೆದವರಿಗೆ ಮಾತ್ರ ಕಾಣುತ್ತಿದ್ದ ಟಿಪ್ಪಣಿ ಅದು, ಯಾರಿಗೆ ಹಗುರ ಸಾಲು ಕೊಡಬೇಕೆಂದು ಮರೆಯಬಾರದಲ್ಲ. ಹುಲಗಮ್ಮ, ಕಾಪರ್ ಟಿ, ಮನೆಯಲ್ಲಿ ಗೊತ್ತಿಲ್ಲ, ಎರಡು ದಿನ ಬಗ್ಗುವ ಕೆಲಸ ಬೇಡ. ಲಾಲಬೀ, ಮೊಣಕಾಲು, ಸೊಸೆಗೆ ಹೇಳಿಲ್ಲ. ಇನ್ನೊಬ್ಬಳಿಗೆ ತಿಂಗಳಲ್ಲಿ ಎರಡು ಸಲ ಹೊರಗಾಗುತ್ತದೆ, ಹೊರಗಾದವರು ಬೀಜದ ಹೊಲಕ್ಕೆ ಕಾಲಿಡಬಾರದೆಂಬ ಮಾತಿಗೆ ಹೆದರಿ ಹೇಳದೆ ಬರುತ್ತಾಳೆ. ಎಲ್ಲ ಬರೆದಿದ್ದಳು, ಎಷ್ಟು ಚೊಕ್ಕ ಬರೆಯುತ್ತೀ ಎಂದು ಯಾರೂ ಹೊಗಳದಿದ್ದರೂ ತನ್ನನ್ನು ತಾನೇ ಮೆಚ್ಚಿಕೊಂಡು. ಗಂಡು ಗಿಡದ ಗುಟ್ಟಿಗೆ ಬೆಳಿಗ್ಗೆಯಿಂದ ಎಷ್ಟು ಬೀಗ ಜಡಿದಳು, ಇದಕ್ಕೊಂದು ಚಿಲಕವೂ ಇರಲಿಲ್ಲ. ಹುಲಗಮ್ಮನ ಹೆಸರಿನ ಮುಂದಿನ ಗೀಟು ಒತ್ತಿದಳು. ತೆಗೆಯಬೇಕೇ? ಬೆರಳು ಜಾರಿ ಬೇಡ ಎಂಬುದರ ಮೇಲೆ ಬಿತ್ತು. ಮತ್ತೆ ಒತ್ತಿದಳು. ಮೀಸೆ ಹೋಯಿತು, ಚುಕ್ಕೆ ಹೋಯಿತು. ಆದರೆ ಅವನ ಫೋನಿನಲ್ಲಿ ತೆರೆದಿದ್ದ ಪುಟ ಹೋಯಿತೋ ಇಲ್ಲವೋ? ಅದನ್ನು ಈ ಚಕ್ರ ಹೇಳುವುದಿಲ್ಲ.

ಗಾಳೇಶ ಅಂಗಳದಲ್ಲಿ ಬೈಕಿಗೆ ಒರಗಿ ನಿಂತಿದ್ದ, ತನ್ನನ್ನು ಎಲ್ಲೆಲ್ಲಿಂದ ತೆಗೆದಿದ್ದಾರೆಂದು ಫೋನಿನಲ್ಲಿ ನೋಡಿಕೊಳ್ಳುತ್ತ. "ಏನ್ರಿ ಸಾಹೇಬ್ರ, ನನ್ನ ತಗದಿರಿ, ಹಾಕಿದಿರಿ, ಮತ್ತ ತಗದಿರಿ. ಚಂಡಾಟ ಆಡಾಕತ್ತೀರೇನು?" ಎಂದ. "ಹೊನ್ನೂರಪ್ಪನ ಹೊಲಕ್ಕ ನಡಿ. ಲಗೂನ," ಎಂದಳು. "ಏನಾತು?" "ಒಂದು ಟಿಕ್ ತಪ್ಪೈತಿ." "ಟಿಕ್ ತಪ್ಪಿದ್ರ ಹೊಲಕ್ಕ ಯಾಕ?" ಅವಳು ಉತ್ತರ ಕೊಡದೆ ಹಿಂದೆ ಹತ್ತಿ ಕೂತಳು. ಯಲಬುರ್ಗಾ ರಸ್ತೆ ಹಿಡಿದು, ಕಲ್ಲು ಕ್ವಾರಿ ದಾಟಿ, ಎಡಕ್ಕೆ ಕೆಂಪು ಮಣ್ಣಿನ ದಾರಿ. ಸಜ್ಜೆ ಕೊಯ್ದ ಹೊಲಗಳಲ್ಲಿ ಕುರಿ ಬಿಟ್ಟಿದ್ದರು. ಗಾಳಿಗೆ ಓಢಣಿ ಹಾರಿ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಹೇಳಿಬಿಟ್ಟರೆ ಗಾಳೇಶ ಇನ್ನೂ ಜೋರಾಗಿ ಓಡಿಸುತ್ತಾನೆ, ಕೆಟ್ಟವನೇನಲ್ಲ. ಆದರೆ ಹೇಳಿದರೆ ಅವನಿಗೂ ಕಾಣಿಸಿದಂತಾಯಿತು. ಸಂಜೆಗೆ ಚಹಾದ ಅಂಗಡಿಗೆ ಕಾಣಿಸುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು, ಇವಳು ಆ ಸದ್ದಿನಲ್ಲಿ ಅರ್ಧ ಕೇಳಿಸಿಕೊಳ್ಳುತ್ತಿದ್ದಳು. ಬಾಯಿ ಗಟ್ಟಿ ಮುಚ್ಚಿ ಕೂತಳು, ಧೂಳಿಗೂ ಅದೇ ಒಳ್ಳೆಯದು. ಆಶ್ಚರ್ಯವೆಂದರೆ ಇಷ್ಟು ಹೆದರಿಕೆಯಲ್ಲೂ ಬೆಳಗಿನ ಆ ಕುಣಿತ ಪೂರ್ತಿ ಇಳಿದಿರಲಿಲ್ಲ. ಹೆದರಿಕೆಯೂ ಅದೂ ಒಂದೇ ಹೊಟ್ಟೆಯಲ್ಲಿ ಜಾಗಕ್ಕೆ ಜಗಳವಾಡುತ್ತಿದ್ದವು. ನಿನ್ನೆಯವರೆಗೆ ತನ್ನಿಂದ ಯಾರಿಗೂ ಒಳ್ಳೆಯದೂ ಆಗುತ್ತಿರಲಿಲ್ಲ, ಕೆಟ್ಟದ್ದೂ ಆಗುತ್ತಿರಲಿಲ್ಲವಲ್ಲ ಎಂಬ ಯೋಚನೆ ಬಂತು. ಥೂ, ಎಂಥ ಹೊತ್ತಿನಲ್ಲಿ ಎಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡಳು.

ಮುದಿಯಪ್ಪ ಆ ಹೊಲದಲ್ಲಿ ನೀರು ಬಿಡುವವನು, ಕಾವಲಿನವನೂ ಅವನೇ. ಮೋಟರಿನ ಕೋಣೆಯ ಮುಂದೆ ಬೇವಿನ ನೆರಳಲ್ಲಿ ಕೂತಿದ್ದ. ಪಕ್ಕದಲ್ಲಿ ಹೊಲದ ಯಜಮಾನ ಹೊನ್ನೂರಪ್ಪ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದದ್ದಕ್ಕೆ ಕಣ್ಣು ಕಿರಿದು ಮಾಡಿಕೊಂಡು. ಇಬ್ಬರ ನಡುವೆ ಫೋನು. ಮುದಿಯಪ್ಪ ಒದ್ದೆ ಹೆಬ್ಬೆರಳಿಂದ ಪರದೆ ಸರಿಸುತ್ತ, ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನ ಹಾಗೆ ಒಂದೊಂದೇ ಅಕ್ಷರ ಹಿಡಿದು ಓದುತ್ತಿದ್ದ. "ಸಾ... ಲು... ಮೂ... ರು. ಸಾಲು ಮೂರು. ನೋಡ್ರಿ ಗೌಡ್ರ, ಅಕಿ ಸಾಲಿನ ನಂಬರ್ ಸೈತ ಬಂದೈತಿ." ಬೈಕು ನಿಲ್ಲುವ ಮೊದಲೇ ಶರಣಬಸಮ್ಮ ಇಳಿದಿದ್ದಳು, ಒಂದು ಕಾಲಿನ ಚಪ್ಪಲಿ ಹಿಂದೆಯೇ ಉಳಿಯಿತು. ಅವನು ತಲೆಯೆತ್ತಿ ಹಲ್ಲು ಕಿರಿದ. ಮುಖದ ತುಂಬ ಬೆಳಕು. "ಬಾರವಾ ತಂಗಿ, ಬಾ. ನಮ್ಮಕಿ ಹೆಸರು ಬಂದೈತಿ ನೋಡು ಫೋನಿನಾಗ. ಹುಲಗಮ್ಮ ಅಂತ. ಹೆಸರು ಓದಿದ್ನಿ, ಸಾಲು ಓದಿದ್ನಿ. ಕೆಳಗ ಇನ್ನೂ ಭಾಳ ಐತಿ, ಅದಕ್ಕ ಸಂಜೀ ಆಗ್ತೈತಿ ನನಗ. ನೀನ ಓದಿ ಹೇಳು, ಗೌಡ್ರೂ ಕೇಳ್ಲಿ."

ಕೊಟ್ಟ. ಇಷ್ಟು ದೂರ ಬಂದದ್ದೇ ಇದಕ್ಕೆ. ಪುಟ ಹಾಗೇ ತೆರೆದಿತ್ತು. ಸಾಲು ಮೂರು, ಸಾಲು ನಾಲ್ಕು, ಕಟ್ಟಿದ ಕಾಯಿ, ಉದುರಿದ ಹೂವು, ಅದರ ಕೆಳಗೆ ಹುಲಗಮ್ಮ, ಕಾಪರ್ ಟಿ. ಅವನ ಹೆಬ್ಬೆರಳಿನ ನೀರಿನ ಗುರುತು ಆ ಸಾಲಿಗೆ ಒಂದು ಬೆರಳು ಮೇಲೆ ನಿಂತಿತ್ತು. ನೆಟ್‌ಹೌಸಿನ ಬಿಳಿ ಪರದೆಯ ಆಚೆ ಹೆಂಗಸರ ಮಾತು ನಿಂತು, ಒಂದೆರಡು ಮುಖ ಇತ್ತ ತಿರುಗಿದವು. ಹುಲಗಮ್ಮನದು ಅದರಲ್ಲಿತ್ತು, ಬೆರಳು ಹೂವಿನ ಮೇಲೇ ಇತ್ತು. ಶರಣಬಸಮ್ಮ ಗಟ್ಟಿಯಾಗಿ ಓದಿದಳು: "ಹುಲಗಮ್ಮ. ಸಾಲು ಮೂರು ಮತ್ತು ನಾಲ್ಕು. ಕಾಯಿ ಭಾಳ ಛಲೋ ಕಟ್ಟೈತಿ. ಈ ಹೊಲದಾಗ ಇಕಿ ಮುಟ್ಟಿದ ಹೂವು ಎಲ್ಲಾರಕಿಂತ ಕಮ್ಮಿ ಉದುರ್‍ಯಾವು." ಅಷ್ಟು ನಿಜ. ಓದುವ ದನಿ ನಿಲ್ಲಿಸಿದರೆ ಉಳಿದದ್ದೇನೆಂದು ಕೇಳುತ್ತಾರೆಂದು ಮುಂದುವರಿಸಿದಳು, ಅಲ್ಲಿ ಇಲ್ಲದ್ದನ್ನು: "ಇಕಿ ಕೈ ಹಗುರ. ಹೊಸದಾಗಿ ಬರೋರು ಇಕಿ ಹತ್ರ ಕಲೀಬೇಕು. ಆಫೀಸಿನಿಂದ ಶಾಭಾಸ್." ಓದುತ್ತಲೇ ಹೆಬ್ಬೆರಳಿಂದ ಪುಟವನ್ನು ಕೆಳಕ್ಕೆ ಎಳೆದಳು. ಒಂದು ಸುತ್ತು ತಿರುಗಿ ಪುಟ ಬೆಳ್ಳಗಾಯಿತು. ನಿಮಗೆ ಇಲ್ಲಿ ಪ್ರವೇಶವಿಲ್ಲ.

"ಮುಗೀತನು?" ಎಂದ ಮುದಿಯಪ್ಪ. ಫೋನು ಮರಳಿ ಇಸಿದುಕೊಂಡು ತಿರುಗಿಸಿ ನೋಡಿದ, ಒಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. "ಎಲ್ಲಿ ಹೋತು? ಹೆಸರೂ ಇಲ್ಲಲ್ಲ." "ಇನ್ನೂ ಟ್ರಯಲ್‌ನಾಗ ಐತಣ್ಣಾ, ತಪ್ಪಿ ಬಂದಿತ್ತು," ಎಂದಳು. ಅವನ ಮುಖದ ಬೆಳಕು ಇಳಿಯುವುದನ್ನು ನೋಡದೆ ಇರಲಾಗಲಿಲ್ಲ. "ಅಲ್ಲಾ, ಇಟ್ಟಿದ್ರ ಏನಾಕ್ಕಿತ್ತು? ಈ ಫೋನಿಗೆ ಬರಾವೆಲ್ಲ ಸಾಲದವ್ರು, ಆಟದವ್ರು. ಅಕಿ ಹೆಸರು ಬಂದಿದ್ದು ಇದ ಮೊದಲು. ಸಂಜೀಕ ಹುಡುಗ್ಯಾರಿಗೆ ತೋರಸಬೇಕಂತ ಮಾಡಿದ್ನಿ." ಹೊನ್ನೂರಪ್ಪ ನಕ್ಕು, "ನಿನ್ನ ಹೇಣ್ತಿ ಮಂತ್ರಿ ಆಗಿದ್ಲು, ಕುರ್ಚಿ ಹೋತು ಬಿಡಲೇ," ಎಂದ. ಮುದಿಯಪ್ಪ ನಗಲಿಲ್ಲ, ಫೋನನ್ನು ಅಂಗಿಯ ಕಿಸೆಗೆ ಹಾಕಿ ಮೋಟರಿನ ಕಡೆ ಎದ್ದು ಹೋದ. ಇವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು ಅವಳಿಗೆ. ಹಿಂದೆ ಹೋಗಿ ಬಿಟ್ಟ ಚಪ್ಪಲಿ ಮೆಟ್ಟಿ ಬಂದಳು.

ಬೆಳಗಿನ ಪಾಳಿ ಮುಗಿದು ಹೆಂಗಸರು ಊಟಕ್ಕೆ ಹೊರಗೆ ಬರುವ ಹೊತ್ತು. ಆಫೀಸಿನವರು ಇದ್ದ ದಿನ ಬಾಗಿಲಲ್ಲಿ ನಿಂತು ಉಡಿ ನೋಡುವುದು ಗಾಳೇಶನ ಕೆಲಸ. ಅವನು ಬೀಡಿ ಹಚ್ಚಿಕೊಂಡು, "ಅಡ್ಮಿನ್ ನೀನಲ್ಲೇನು, ನೀನ ನಿಂದ್ರು. ನನ್ನ ಎಲ್ಲಾದರಾಗಿಂದ ತಗದಿ," ಎಂದ. ಬೇಡವೆನ್ನುವಷ್ಟರಲ್ಲಿ ಮೊದಲನೆಯವಳು ಬಂದೇ ಬಿಟ್ಟಳು. ಇವಳ ಮುಖವನ್ನೂ ನೋಡದೆ ಉಡಿ ಬಿಚ್ಚಿ, ಝಾಡಿಸಿ, ಕಟ್ಟಿಕೊಂಡು ಹೋದಳು. ಅವಳ ಹಿಂದೆ ಲಾಲಬೀ, ಮೊಣಕಾಲು ಹಿಡಿದು. ಅವಳ ಹಿಂದೆ ಇನ್ನೊಬ್ಬಳು. ಬಾಯಿ ತೆರೆದು ಬ್ಯಾಡ್ರಿ ಎನ್ನಬೇಕೆಂದಿದ್ದಳು ಶರಣಬಸಮ್ಮ. ನಾಲಗೆ ಏಳಲಿಲ್ಲ, ಆ ಬಾಗಿಲಲ್ಲಿ ನಿಂತವರಿಗೆಲ್ಲ ಹೀಗೇ ಆಗುತ್ತದೋ ಏನೋ. ಎಲ್ಲರಿಗಿಂತ ಕೊನೆಗೆ ಹುಲಗಮ್ಮ ಬಂದಳು. ಬೆರಳಲ್ಲಿ ಇನ್ನೂ ಉಂಗುರವಿತ್ತು, ಗಲ್ಲಕ್ಕೆ ಹಳದಿ ಪುಡಿ ಹತ್ತಿತ್ತು. "ಏನಬೇ, ನನ್ನ ಭಾಳ ಹೊಗಳಿದಿ," ಎಂದಳು. "ನಿನ್ನ ದನಿ ನನಗ ಗೊತ್ತಿಲ್ಲೇನು? ಏನಾಗೈತಿ, ಹೇಳು."

ಹೇಳಿದಳು, ಸಣ್ಣ ದನಿಯಲ್ಲಿ, ಒಂದೇ ಉಸಿರಿಗೆ. ಬರೆದಿಟ್ಟದ್ದು, ತೆರೆದದ್ದು, ನಂಬರು ಅವನದಾಗಿದ್ದು, ಅವನ ಬೆರಳು ಆ ಬರಹದ ಹತ್ತಿರವೇ ಬಂದು ನಿಂತಿದ್ದು, ಮುಟ್ಟಲಿಲ್ಲವೆಂಬುದು. "ಓದಿಲ್ಲಕ್ಕಾ. ಇನ್ನು ಅಂವಗ ಕಾಣಂಗಿಲ್ಲ. ನನ್ನಿಂದ ತಪ್ಪಾತು." ಹುಲಗಮ್ಮ ಮೋಟರಿನ ಕೋಣೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಮುದಿಯಪ್ಪ ಬೆನ್ನು ಮಾಡಿ ಪೈಪು ಜೋಡಿಸುತ್ತಿದ್ದ. ಗಲ್ಲದ ಹಳದಿಯ ಕೆಳಗೆ ಅವಳ ಮುಖ ಬಿಳುಚಿತು, ಮೆಲ್ಲಗೆ ಬಣ್ಣ ತಿರುಗಿ ಬಂತು. ಬೈಯಲಿಲ್ಲ. ಬೈದಿದ್ದರೆ ಶರಣಬಸಮ್ಮ ಅಳುತ್ತಿದ್ದಳು, ಹಗುರವಾಗುತ್ತಿತ್ತು. "ನಾ ಹೇಳಿದ್ದು ನಿನಗ," ಎಂದಳು ಹುಲಗಮ್ಮ, ಉಂಗುರದ ಬೆರಳಿಂದ ಶರಣಬಸಮ್ಮನ ಕೈಯಲ್ಲಿದ್ದ ಅವಳದೇ ಫೋನು ತೋರಿಸುತ್ತ. "ಅದಕ್ಕ ಹೇಳಿದ್ದಿಲ್ಲ." ಆಮೇಲೆ ಉಡಿಯ ಗಂಟು ಬಿಚ್ಚಿದಳು. ಬೇಡಕ್ಕಾ ಎನ್ನುವುದರೊಳಗೆ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು, ಅವಸರವಿಲ್ಲದೆ, ಇವಳ ಮುಖ ನೋಡುತ್ತಲೇ ಝಾಡಿಸಿದಳು. ಏನೂ ಬೀಳಲಿಲ್ಲ. ಒಂದು ಒಣಗಿದ ಹೂವಿನ ಎಸಳು ಕೂಡ ಇರಲಿಲ್ಲ. ಹಲ್ಲಿನ ನಡುವೆ ಮರಳು ಕರಕರ ಎಂದಂತಾಯಿತು ಶರಣಬಸಮ್ಮನಿಗೆ.

"ನೋಡಿದೆಲ್ಲ? ಇನ್ನ ನಿಂದೂ ಝಾಡಿಸು," ಎಂದಳು ಹುಲಗಮ್ಮ. ಶರಣಬಸಮ್ಮ ಓಢಣಿ ತೆಗೆದು ಝಾಡಿಸಿದಳು, ರಸ್ತೆಯ ಧೂಳು ಉದುರಿತು. "ಅದಲ್ಲಬೇ. ಅದು," ಎಂದು ಮತ್ತೆ ಫೋನು ತೋರಿಸಿದಳು. ಇಬ್ಬರೂ ಬಾಗಿಲ ಕಂಬದ ನೆರಳಿಗೆ ಸರಿದರು. ಶರಣಬಸಮ್ಮ ಫೋನಿನಲ್ಲೇ ಆ ಆ್ಯಪಿನ ಬೋರ್ಡು ತೆರೆದಳು, ಕಾರ್ಡು ತೆರೆದಳು, ಟಿಪ್ಪಣಿಯ ಮೇಲೆ ಬೆರಳಿಟ್ಟಳು. ಅಳಿಸಬೇಕೇ, ಮರಳಿ ಬರುವುದಿಲ್ಲ ಎಂದು ಕೇಳಿತು. ಅಳಿಸಿದಳು. ಹುಲಗಮ್ಮನಿಗೆ ಓದಲು ಬರುತ್ತಿರಲಿಲ್ಲ, ಆದರೂ ಭುಜಕ್ಕೆ ಭುಜ ಹಚ್ಚಿ, ಹೂವು ನೋಡುವಷ್ಟೇ ಹತ್ತಿರದಿಂದ ಪರದೆ ನೋಡುತ್ತಿದ್ದಳು. "ಹೋತನು?" "ಹೋತಕ್ಕಾ." "ಲಾಲಬೀದು?" ಅದೂ ಗೊತ್ತಿದೆಯೇ ಇವಳಿಗೆ ಎಂದು ಕತ್ತೆತ್ತಿದಳು. "ನನಗ ಹೇಳ್ಯಾಳ, ನಿನಗೂ ಹೇಳ್ಯಾಳ. ತಗಿ." 'ಮೊಣಕಾಲು' ಹೋಯಿತು. ಮುಂದಿನವಳದು, ಅದರ ಮುಂದಿನವಳದು. ಇಷ್ಟು ದಿನ ಚೊಕ್ಕ ಅಕ್ಷರದಲ್ಲಿ ಕೂಡಿಟ್ಟದ್ದೆಲ್ಲ ಒಂದೊಂದಾಗಿ ಬೆಳ್ಳಗಾಗುತ್ತ ಹೋಯಿತು, ಮತ್ತು ಒಂದೊಂದು ಹೋದಾಗಲೂ ಬೆಳಗಿನ ಆ ಕುಣಿತ ಹೊಟ್ಟೆಯಲ್ಲಿ ಮತ್ತೆ ಏಳುತ್ತಿತ್ತು. ಗಾಳೇಶನನ್ನು ಸೇರಿಸಿ ತೆಗೆದಾಗಿನ ಕುಣಿತವಲ್ಲ, ಬೇರೆ, ಇದಕ್ಕೆ ನಾಚಿಕೆ ಇರಲಿಲ್ಲ. ಕೊನೆಯದೂ ಮುಗಿಯಿತು.

"ಎಲ್ಲಾ ಹೋತನು?" "ಎಲ್ಲಾ ಹೋತು." ಹುಲಗಮ್ಮ ಬೆರಳಿನ ಉಂಗುರ ತೆಗೆದು ಅಂಗೈಯಲ್ಲಿ ತಟ್ಟಿದಳು, ಉಳಿದಿದ್ದ ಪುಡಿ ಗಾಳಿಗೆ ಹೋಯಿತು. "ನಿನ್ನ ತಲ್ಯಾಗಿಂದು?" ಎಂದು ಕೇಳಿದಳು. ಶರಣಬಸಮ್ಮ ಸುಳ್ಳು ಹೇಳಲು ನೋಡಿದಳು, ಬರಲಿಲ್ಲ. ಸಾಲು ಮೂರು, ಬಗ್ಗುವ ಕೆಲಸ ಬೇಡ, ಲಾಲಬೀಗೆ ನೆರಳಿನ ಸಾಲು, ಎಲ್ಲ ಇದ್ದ ಜಾಗದಲ್ಲೇ ಇತ್ತು. "ಅದು ಹೋಗಂಗಿಲ್ಲಕ್ಕಾ," ಎಂದಳು.

"ಹೋಗಬಾರ್ದು," ಎಂದಳು ಹುಲಗಮ್ಮ, ಉಡಿ ಬಿಗಿದು ಕಟ್ಟಿಕೊಳ್ಳುತ್ತ. "ಅಲ್ಲೇ ಇರ್‍ಲಿ. ಅಲ್ಲಿಡ್ತಿ ಅಂತನ ನಿನಗ ಹೇಳಿದ್ದು." ಬುತ್ತಿ ಬಿಚ್ಚುತ್ತಿದ್ದ ಹೆಂಗಸರ ಕಡೆ ಹೊರಟವಳು ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಉಂಡಿಯೇನು?" ಎಂದಳು. ಇಲ್ಲವೆಂದು ಶರಣಬಸಮ್ಮ ತಲೆಯಾಡಿಸಿದಳು. "ಬಾ ಮತ್ತ."

ಗಾಳೇಶ ಬೀಡಿ ಹೊಸಕಿ ಹತ್ತಿರ ಬಂದ. ಬಿಟ್ಟರೆ ಫೋನಿನೊಳಗೇ ಇಳಿಯುವವನಂತೆ ಕತ್ತು ಚಾಚಿದ. "ಏನದು, ಇಬ್ಬರೂ ತಲಿಗೆ ತಲಿ ಹಚ್ಚಿ ಅಷ್ಟೊತ್ತಾತು? ಯಾರಿಗೆ ಏನು ತೋರಸಾಕತ್ತಿದ್ದಿ?"

"ನಿನಗಲ್ಲ ಬಿಡು," ಎಂದು ಶರಣಬಸಮ್ಮ ಫೋನನ್ನು ಚೀಲಕ್ಕೆ ಹಾಕಿ, ಊಟಕ್ಕೆ ಕೂತವರ ಕಡೆ ನಡೆದಳು.